ಜೋಡಿ ವಾಲ್ವು ಮತ್ತು ನಮ್ಮೂರ ಕರೆಂಟು

ಆಂಪ್ಲಿಫೈಯರಿನ ವಾಲ್ವು ಮಾರುವವರ ಬಾಯಲ್ಲಿ ಈಚೆಗೆ ಹೆಚ್ಚು ಕೇಳುವ ಮಾತು ‘ಮ್ಯಾಚ್ಡ್ ಪೇರ್’, ಅಂದರೆ ಒಂದಕ್ಕೊಂದು ಹೊಂದುವ ಜೋಡಿ. ಎರಡು ವಾಲ್ವನ್ನು ಒಂದೇ ಡಬ್ಬಿಗೆ ಹಾಕಿ, ಮೇಲೊಂದು ಚೀಟಿ ಅಂಟಿಸಿ, ಬಿಡಿ ಎರಡರ ಬೆಲೆಗಿಂತ ಹೆಚ್ಚು ಕೇಳುತ್ತಾರೆ. ಹೆಡ್‌ಫೋನಿನ ಹುಚ್ಚು ಹತ್ತಿದವರು ಕೊಡುತ್ತಾರೆ ಕೂಡ. ಆ ಚೀಟಿಗೆ ಅಷ್ಟು ಬೆಲೆ ಉಂಟೇ? ಯಲ್ಲಾಪುರದಂಥ ಊರಲ್ಲಿ ಕೂತು ಕೇಳುವವರಿಗೆ ಅದರಿಂದ ಸಿಗುವುದು ಕೊಟ್ಟ ದುಡ್ಡಿನ ಅರ್ಧಕ್ಕಿಂತ ಕಡಿಮೆ ಎಂಬುದು ನನ್ನ ಎಣಿಕೆ.

ಇಲ್ಲಿ ಹೆಡ್‌ಫೋನು ಬರೀ ಶೋಕಿಯಲ್ಲ. ಆಷಾಢದ ಮಳೆ ಹಂಚಿನ ಮೇಲೆ ಹೊಡೆಯತೊಡಗಿದರೆ ಸ್ಪೀಕರಿನ ತಂಬೂರಿ ಎಲ್ಲೋ ಅಡಗಿಹೋಗುತ್ತದೆ. (ಬೆನ್ನು ತೆರೆದ ಹೆಡ್‌ಫೋನಾದರೆ ಮಳೆಯೂ ಜೊತೆಗೇ ಒಳಗೆ ಬರುತ್ತದೆ, ಅದು ಬೇರೆ ಮಾತು.) ನಾವು ಕೇಳುವ ಸರಕೂ ಬೇರೆ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣ, ಕಾಳಿಂಗ ನಾವಡರ ಭಾಗವತಿಕೆಯ ಕ್ಯಾಸೆಟ್ಟು, ಯಾರೋ ಸಭೆಯಲ್ಲಿ ಕೂತು ಟೇಪಿಗೆ ಹಿಡಿದ ತಾಳಮದ್ದಳೆ. ಇದರಲ್ಲಿ ಬಹುಪಾಲು ಮೋನೋ. ಸ್ಟೀರಿಯೋ ಬೇಕೆನ್ನುವವರು ಇದಕ್ಕೆ ಮೂಗು ಮುರಿಯಬಹುದು. ಆದರೆ ಎರಡು ವಾಲ್ವು ಹೊಂದಿವೆಯೋ ಇಲ್ಲವೋ ಎಂದು ನೋಡಲು ಮೋನೋಗಿಂತ ಒಳ್ಳೆಯ ಪರೀಕ್ಷೆಯಿಲ್ಲ. ಮೋನೋ ಧ್ವನಿ ತಲೆಯ ನಟ್ಟನಡುವೆ ನಿಲ್ಲಬೇಕು. ಎಡ ಬಲಗಳ ನಡುವೆ ಒಂದು ಡೆಸಿಬೆಲ್ ವ್ಯತ್ಯಾಸವಿದ್ದರೂ ಸಾಕು, ಭಾಗವತರು ಒಂದು ಕಿವಿಯ ಕಡೆ ಸರಿದು ಕೂತಂತೆ ಕೇಳುತ್ತದೆ.

ಹಾಗೆ ಸರಿದದ್ದು ಕಂಡೊಡನೆ ವಾಲ್ವಿನ ಮೇಲೆ ದೂರು ಹೊರಿಸುವುದು ಈ ಹವ್ಯಾಸದ ಮೊದಲ ದೋಷ. ಹೆಡ್‌ಫೋನನ್ನು ಎಡಬಲ ತಿರುಗಿಸಿ ಹಾಕಿಕೊಳ್ಳಿ. ಧ್ವನಿ ಮತ್ತೂ ಅದೇ ಕಿವಿಗೆ ವಾಲಿದರೆ ವ್ಯತ್ಯಾಸ ಕಿವಿಯದು, ಯಂತ್ರದ್ದಲ್ಲ. ಇನ್ನೊಂದು ಕಿವಿಗೆ ಹೋದರೆ ಮುಂದಿನ ಗುಮಾನಿ ವಾಲ್ಯೂಮ್ ಗುಬ್ಬಿಯ ಮೇಲಿರಲಿ. ಅಗ್ಗದ ಜೋಡಿ ಕಾರ್ಬನ್ ಪೊಟೆನ್ಶಿಯೋಮೀಟರಿನಲ್ಲಿ, ಗುಬ್ಬಿ ಇನ್ನೂ ಕೆಳಗಿರುವಾಗ, ಎರಡು ಕಡೆಗಳ ನಡುವೆ ಎರಡು ಮೂರು ಡೆಸಿಬೆಲ್ ಅಂತರ ಬರುವುದು ಸಾಮಾನ್ಯ. ಗುಬ್ಬಿಯನ್ನು ಮೇಲೆ ತಿರುಗಿಸಿದಾಗ ಧ್ವನಿ ನಡುವಿಗೆ ಬಂದರೆ ವಾಲ್ವು ನಿರಪರಾಧಿ. ಗುಬ್ಬಿ ಎಲ್ಲಿದ್ದರೂ ಒಂದೇ ರೀತಿ ವಾಲಿದ್ದರೆ ಮಾತ್ರ ಎಡದ ವಾಲ್ವನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡಬೇಕು. ಅದೂ ಸ್ವಿಚ್ಚು ಆರಿಸಿ, ಪ್ಲಗ್ಗು ತೆಗೆದು, ಗಾಜು ತಣಿದ ಮೇಲೆ. ಒಳಗಿನ ಕೆಪಾಸಿಟರಿನಲ್ಲಿ ನೂರಾರು ವೋಲ್ಟು ಇನ್ನೂ ಉಳಿದಿರಬಹುದು. ಪೆಟ್ಟಿಗೆಯ ಅಡಿ ಬಿಚ್ಚುವ ಚಪಲ ಬೇಡ.

ಈಗ ಲೆಕ್ಕಕ್ಕೆ ಬರೋಣ. ನಮ್ಮಲ್ಲಿ ಓಡಾಡುವ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಹೆಡ್‌ಫೋನ್ ಆಂಪ್ಲಿಫೈಯರುಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ವಾಲ್ವಿರುತ್ತವೆ. ಮುಂದೆ ಸಣ್ಣದು: ಇಸಿಸಿ82 ಅಥವಾ 6ಎಸ್ಎನ್7. ಹಿಂದೆ ದೊಡ್ಡದು, 6080. ಇದರ ಹೀಟರೊಂದೇ 6.3 ವೋಲ್ಟಿನಲ್ಲಿ 2.5 ಆಂಪಿಯರ್ ಎಳೆಯುತ್ತದೆ, ಅಂದರೆ ಸುಮಾರು 16 ವ್ಯಾಟು ಬರೀ ಶಾಖಕ್ಕೆ. ಕಣ್ಣಿಗೆ ಬೀಳುವುದು ಈ ದೊಡ್ಡದೇ ಆದ್ದರಿಂದ ಜನ ಇದಕ್ಕೇ ‘ಮ್ಯಾಚ್ಡ್’ ಚೀಟಿ ಕೊಳ್ಳುತ್ತಾರೆ. ಆದರೆ ಅದು ಅಲ್ಲಿ ಕೆಲಸ ಮಾಡುವುದು ಕ್ಯಾಥೋಡ್ ಫಾಲೋವರ್ ಆಗಿ. ಧ್ವನಿಯನ್ನು ದೊಡ್ಡದು ಮಾಡುವುದಿಲ್ಲ, ಹೆಡ್‌ಫೋನ್ ನಡೆಸುವಷ್ಟು ಕಸುವು ಕೊಡುತ್ತದೆ, ಅಷ್ಟೆ. ಅದರ ಎರಡು ಭಾಗಗಳ ವರ್ಧನಾಂಕ ಒಂದು ಕಡೆ 2, ಇನ್ನೊಂದು ಕಡೆ 2.2 ಇದ್ದರೂ, ಅಂದರೆ ಶೇಕಡಾ ಹತ್ತು ತಪ್ಪಿದರೂ, ಕಿವಿಗೆ ಬರುವ ಅಂತರ ಕಾಲು ಡೆಸಿಬೆಲ್ಲಿಗಿಂತ ತುಸು ಹೆಚ್ಚು. ಅದೇ ಶೇಕಡಾ ಹತ್ತು ಮುಂದಿನ ಸಣ್ಣ ವಾಲ್ವಿನಲ್ಲಿ ತಪ್ಪಿದರೆ ಮುಕ್ಕಾಲು ಡೆಸಿಬೆಲ್ ದಾಟುತ್ತದೆ. ಹೊಂದಿಸಬೇಕಾದದ್ದು ಸಣ್ಣದನ್ನು, ದುಡ್ಡು ಸುರಿಯುವುದು ದೊಡ್ಡದಕ್ಕೆ! ಸಣ್ಣ ವಾಲ್ವು ಒಂದೇ ಇದ್ದು ಅದರ ಎರಡು ಭಾಗಗಳು ಎಡಬಲವನ್ನು ಹಂಚಿಕೊಂಡಿದ್ದರೆ ಅದಲು ಬದಲು ಮಾಡುವ ದಾರಿಯೂ ಇಲ್ಲ. ಒಂದೇ ಗಾಜಿನೊಳಗಿನ ಎರಡು ಭಾಗ ಸಮ ಇರುವಂಥದನ್ನೇ ಆರಿಸಿ ತರಬೇಕು.

ಜೋಡಿ ನಿಜವಾಗಿ ಮುಖ್ಯವಾಗುವುದು ಪುಷ್‌ಪುಲ್ ಸರ್ಕೀಟಿನಲ್ಲಿ. ಎರಡು ಇಎಲ್84 ಒಂದು ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಎರಡು ಕಡೆಯಿಂದ ಎಳೆಯುವಾಗ ಅವುಗಳ ಆನೋಡ್ ಕರೆಂಟು ಸಮವಿರದಿದ್ದರೆ ಕಬ್ಬಿಣದ ತಿರುಳಿಗೆ ಕಾಂತತ್ವ ಹತ್ತಿ ಮಂದ್ರ ಸ್ವರ ಕೆಡುತ್ತದೆ. ಅಲ್ಲಿ ಕೊಡುವ ಹೆಚ್ಚು ಬೆಲೆ ನ್ಯಾಯದ್ದು.

ಇಎಲ್84 ಅಂದಾಗ ಜಾಲಹಳ್ಳಿಯ ನೆನಪಾಗುತ್ತದೆ. 1954ರಲ್ಲಿ ಹುಟ್ಟಿದ ಬೆಂಗಳೂರು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಿಂದ ರೇಡಿಯೋ ವಾಲ್ವು ತಯಾರಿಸತೊಡಗಿತು. ಮರುವರ್ಷವೇ ಅಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಕೆಲಸವೂ ಶುರುವಾಯಿತು. ವಾಲ್ವಿನ ಎದುರಾಳಿ ಅದೇ ಅಂಗಳದಲ್ಲಿ ಬೆಳೆಯಿತು. ‘ಬಿಇಎಲ್’ ಎಂದು ಅಚ್ಚೊತ್ತಿದ ಇಎಲ್84 ಇಂದಿಗೂ ಹಳೆಯ ರೇಡಿಯೋ ರಿಪೇರಿ ಪೆಟ್ಟಿಗೆಗಳಲ್ಲಿ, ಅಟ್ಟದ ಮೇಲಿನ ಸತ್ತ ರೇಡಿಯೋಗಳಲ್ಲಿ ಸಿಗುವುದುಂಟು. ವಿದೇಶದ ಕೇಳುಗರೂ ಅದನ್ನು ಹುಡುಕುತ್ತಾರೆ. ಟ್ರಯೋಡ್ ಆಗಿ ಜೋಡಿಸಿ, ತಕ್ಕ ಟ್ರಾನ್ಸ್‌ಫಾರ್ಮರ್ ಕೊಟ್ಟರೆ ಹೆಡ್‌ಫೋನನ್ನು ಚೆನ್ನಾಗಿಯೇ ನಡೆಸುತ್ತದೆ. ಟೆಲಿಫಂಕನ್‌ನಂಥ ವಿದೇಶಿ ಹೆಸರಿಗೆ ಕೈಮುಗಿದು ಇದನ್ನು ಗುಜರಿಗೆ ಹಾಕುವುದು ತಿಳಿಗೇಡಿತನ. ಹೆಸರಿನ ಅಚ್ಚನ್ನು ಒರೆಸಿ ಮತ್ತೊಂದು ಒತ್ತುವುದು ಕಷ್ಟದ ಕೆಲಸವೇನಲ್ಲ, ಮಾರುಕಟ್ಟೆಯಲ್ಲಿ ಅದು ನಡೆದೇ ಇದೆ. ಗಾಜಿನೊಳಗಿನ ಬೆಳ್ಳಿಬಣ್ಣದ ಲೇಪ ನೋಡಿ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಹೆಸರು ಯಾವುದಿದ್ದರೂ ವಾಲ್ವು ಸತ್ತಂತೆಯೇ.

ಇಷ್ಟೆಲ್ಲ ಸರಿ ಇದ್ದರೂ ಯಲ್ಲಾಪುರದಲ್ಲಿ ಚೀಟಿಯ ಲೆಕ್ಕ ಕೆಡಿಸುವುದು ಗೋಡೆಯ ಪ್ಲಗ್ಗು. ತೋಟದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ, ಲೈನಿನ ತುದಿಯ ಮನೆಗಳಲ್ಲಿ 230 ಇರಬೇಕಾದ ವೋಲ್ಟು 180ಕ್ಕೆ ಇಳಿಯುವುದು ಹೊಸದಲ್ಲ. ಆಗ ಸಾದಾ ಟ್ರಾನ್ಸ್‌ಫಾರ್ಮರಿನಿಂದ ಹೀಟರಿಗೆ ಸಿಗುವುದು 6.3 ಅಲ್ಲ, 4.9 ವೋಲ್ಟು. ಕ್ಯಾಥೋಡು ಸಾಕಷ್ಟು ಕಾಯುವುದಿಲ್ಲ. ಕಾಯದಿದ್ದಾಗ ಎರಡೂ ವಾಲ್ವು ಒಂದೇ ಪ್ರಮಾಣದಲ್ಲಿ ಸೋಲುವುದಿಲ್ಲ, ಹೆಚ್ಚು ಓಡಿದ್ದು ಮೊದಲು ಸೋಲುತ್ತದೆ. 6.3 ವೋಲ್ಟಿನಲ್ಲಿ ಅಳೆದು ಕೂಡಿಸಿದ ಜೋಡಿ 4.9ರಲ್ಲಿ ಜೋಡಿಯಾಗಿ ಉಳಿಯುತ್ತದೆಂಬ ಖಾತ್ರಿ ಯಾವ ಚೀಟಿಯೂ ಕೊಡದು. ಮದ್ದಳೆಯನ್ನು ಅಂಗಡಿಯಲ್ಲಿ ಶ್ರುತಿ ಮಾಡಿ ತಂದರೂ ಭಾಗವತರ ಶ್ರುತಿಗೆ ಚೌಕಿಯಲ್ಲಿ ಮತ್ತೆ ಕೂಡಿಸಲೇಬೇಕಷ್ಟೆ. ವಾಲ್ವಿನ ಹೊಂದಾಣಿಕೆಯೂ ಅದು ನುಡಿಯುವ ಜಾಗದಲ್ಲೇ ಆಗಬೇಕು. ಹೀಟರಿಗೆ ರೆಗ್ಯುಲೇಟರ್ ಇರುವ ಆಂಪ್ಲಿಫೈಯರಿಗೆ ಈ ಮಾತು ಅಷ್ಟಾಗಿ ಅನ್ವಯಿಸದು. ಉಳಿದವರು ಒಂದು ಒಳ್ಳೆಯ ಸರ್ವೋ ಸ್ಟೆಬಿಲೈಜರ್ ಇಟ್ಟುಕೊಳ್ಳಲಿ. ಫ್ರಿಜ್ಜಿನ ಅಗ್ಗದ ಸ್ಟೆಬಿಲೈಜರಿನಂತೆ ಅದು ಟಕ್ಕೆಂದು ಮೆಟ್ಟಿಲು ಹಾರುವುದಿಲ್ಲ.

ಮಳೆಗಾಲದ್ದು ಇನ್ನೊಂದು ತಕರಾರು. ಪಿನ್ನು, ಸಾಕೆಟ್ಟುಗಳಿಗೆ ತೇವ ಹಿಡಿದು ಕಿಲುಬು ಕಟ್ಟಿದರೆ ಚರಪರ ಸದ್ದು ಶುರುವಾಗುತ್ತದೆ. ಜನ ಅದನ್ನೂ ‘ವಾಲ್ವು ಹೋಯ್ತು’ ಅನ್ನುತ್ತಾರೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಪಿನ್ನು ಒರೆಸಿ, ಒಣಗಿದ ಮೇಲೆ ಎರಡು ಸಲ ಸಾಕೆಟ್ಟಿಗೆ ಹಾಕಿ ತೆಗೆದರೆ ಬಹಳ ಸಲ ಸರಿಹೋಗುತ್ತದೆ. ಹಾಂ, ಪಿನ್ನು ಕೂತಿತೆಂದು ಕಂಡದ್ದನ್ನೆಲ್ಲ ತುರುಕಬಾರದು. ಇಸಿಸಿ82, ಇಸಿಸಿ88 ಎರಡಕ್ಕೂ ಒಂಬತ್ತೇ ಪಿನ್ನು, ಹೀಟರಿನ ಜೋಡಣೆ ಬೇರೆ ಬೇರೆ.

ವಾಲ್ವು ಬದಲಿಸಿದರೆ ಧ್ವನಿ ಬದಲಾಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಬದಲಾಗುತ್ತದೆ. ಆದರೆ ಹೊಸ ವಾಲ್ವು ಸ್ವಲ್ಪ ಜೋರಾಗಿ ನುಡಿದರೆ ಅದನ್ನೇ ‘ಸ್ಪಷ್ಟ’, ‘ವಿಶಾಲ’ ಎಂದು ಹೊಗಳುವ ಚಾಳಿ ಈ ಹವ್ಯಾಸಕ್ಕಿದೆ. ಎರಡನ್ನೂ ಒಂದೇ ಗಟ್ಟಿಗೆ ತಂದು ಕೇಳದ ಹೊರತು ಆ ಹೊಗಳಿಕೆಯಲ್ಲಿ ಹುರುಳಿಲ್ಲ. ಚಂಡೆಯ ಏರುಪೆಟ್ಟಿನಲ್ಲಿ, ತಂಬೂರಿಯ ಉಳಿನಾದದಲ್ಲಿ ನನಗೆ ಕೇಳಿದ ವ್ಯತ್ಯಾಸ ಗಟ್ಟಿ ಸಮ ಮಾಡಿದಾಗ ಬಹುಮಟ್ಟಿಗೆ ಕರಗಿದೆ. ಉಳಿದದ್ದು ಅಲ್ಪ.

ಜೋಡಿ ಕೊಳ್ಳುವವರು ಚೀಟಿಯ ಮೇಲೆ ಮೂರು ಅಂಕೆ ಕೇಳಿ ಪಡೆಯಿರಿ: ಅಳೆದಾಗ ಆನೋಡಿಗೆ ಎಷ್ಟು ವೋಲ್ಟು ಕೊಟ್ಟಿದ್ದರು, ಎಷ್ಟು ಮಿಲಿಆಂಪಿಯರ್ ಹರಿಯಿತು, ಟ್ರಾನ್ಸ್‌ಕಂಡಕ್ಟೆನ್ಸ್ ಎಷ್ಟು ಬಂತು. ಇವು ಮೂರೂ ಇಲ್ಲದ ಚೀಟಿಗೆ ಒಂದು ರೂಪಾಯಿ ಕೂಡ ಹೆಚ್ಚು ಕೊಡಬೇಡಿ.