ದಿವಾಳಿಯ ಪಟ್ಟಿಯಿಂದ ಎದ್ದ ಮನೆ

ಮಹಾಕಲಾವಿದರು ಬಾಳಿದ ಮನೆಗಳನ್ನು ಸ್ಮಾರಕಗಳಾಗಿ ಉಳಿಸಿಕೊಳ್ಳುವುದು ಶ್ಲಾಘ್ಯವಾದ ಕಾರ್ಯವೇ ಸರಿ. ಆದರೆ ಅಂಥ ಮನೆಯಲ್ಲಿ ಉಳಿಸಬೇಕಾದುದು ಯಾವುದು? ಹಾಲೆಂಡಿನ ಆಮ್‌ಸ್ಟರ್‌ಡಾಂ ನಗರದಲ್ಲಿರುವ ರೆಂಬ್ರಾಂಟನ ಮನೆ ಈ ಪ್ರಶ್ನೆಗೆ ಒಂದೇ ಶತಮಾನದಲ್ಲಿ ಎರಡು ಉತ್ತರಗಳನ್ನು ಕೊಟ್ಟಿದೆ. ಎರಡನ್ನೂ ಸಹೃದಯರು ತೂಗಿ ನೋಡಬೇಕು.

ಕೀರ್ತಿಯ ಏರುಗಾಲದಲ್ಲಿದ್ದ ರೆಂಬ್ರಾಂಟನು 1639ರಲ್ಲಿ ಈ ಮನೆಯನ್ನು 13,000 ಗಿಲ್ಡರುಗಳಿಗೆ ಕೊಂಡನು. ಮಗ ಟೈಟಸ್ 1641ರಲ್ಲಿ ಜನಿಸಿದನು. ಮರುವರ್ಷವೇ ಮಡದಿ ಸಾಸ್ಕಿಯಾ ಕಣ್ಮುಚ್ಚಿದಳು. ಮನೆಯ ಬೆಲೆಯ ಬಾಕಿ ತೀರಲಿಲ್ಲ. ಕಲಾವಸ್ತುಗಳನ್ನು ಕೊಳ್ಳುವ ಹಂಬಲವೂ ತಣಿಯಲಿಲ್ಲ. 1656ರಲ್ಲಿ ಆತ ದಿವಾಳಿಯಾದನು. ಅಧಿಕಾರಿಗಳು ಕೋಣೆ ಕೋಣೆಯನ್ನೂ ಹೊಕ್ಕು, ಚಿತ್ರ, ಪ್ರತಿಮೆ, ಆಯುಧ, ಚಿಪ್ಪು, ಕುರ್ಚಿಗಳೆಲ್ಲವನ್ನೂ 363 ನಮೂದುಗಳಲ್ಲಿ ಬರೆದುಕೊಂಡರು. ಸಂಗ್ರಹ ಹರಾಜಾಯಿತು, 1658ರಲ್ಲಿ ಮನೆಯೂ ಕೈತಪ್ಪಿತು.

ಮುಂದೆ ನಗರವು ಆ ಮನೆಯನ್ನು ಕೊಂಡಿತು, 1911ರಲ್ಲಿ ಅದು ಸಂಗ್ರಹಾಲಯವಾಗಿ ತೆರೆಯಿತು. ವಾಸ್ತುಶಿಲ್ಪಿ ಡಿ ಬಾಜೆಲ್ ಹಳೆಯ ಒಳಾಂಗಣವನ್ನು ಅನುಕರಿಸಲು ಹೋಗಲಿಲ್ಲ. ಸರಳವಾದ ಕೋಣೆಗಳಲ್ಲಿ ರೆಂಬ್ರಾಂಟನ ಎಚಿಂಗ್ ಚಿತ್ರಗಳು ಮಾತ್ರ ತೂಗಿದವು. ಹೋದುದು ಹೋಯಿತು, ಉಳಿದ ಕೃತಿಯನ್ನು ನೋಡಿ ಎಂಬುದೇ ಇದರ ಇಂಗಿತ. ಆದರೆ 1990ರ ದಶಕದ ಕೊನೆಯಲ್ಲಿ ಆ ದಿವಾಳಿಯ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ಅಡಿಗೆಮನೆ, ಮಲಗುವ ಕೋಣೆ, ಉತ್ತರದ ಬೆಳಕಿಗೆ ತೆರೆದ ಚಿತ್ರಶಾಲೆಗಳನ್ನು ಪುನಃ ರಚಿಸಲಾಯಿತು.

ಈ ಎರಡನೆಯ ಉತ್ತರದ ಗುಣ ದೊಡ್ಡದು. ತಾಮ್ರಫಲಕ, ಮಸಿ, ಅಚ್ಚಿನ ಯಂತ್ರಗಳನ್ನು ಕಂಡವನಿಗೆ ಕಲೆಯೆಂಬುದು ಬೆವರಿನ ದುಡಿಮೆಯೂ ಹೌದೆಂದು ಮನದಟ್ಟಾಗುತ್ತದೆ. ಚಿಪ್ಪುಗಳ ಸಾಲನ್ನು ನೋಡಿದಾಗ, ಒಂದೇ ಒಂದು ಶಂಖವನ್ನು ಕುರಿತು ಆತ 1650ರಲ್ಲಿ ರಚಿಸಿದ ಎಚಿಂಗ್‌ನ ಅರ್ಥ ಬೆಳೆಯುತ್ತದೆ. ನಮ್ಮ ನಾಡಿನ ಮೊಗಲ್ ಚಿತ್ರಗಳನ್ನು ನೋಡಿ ಆತ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳನ್ನು ಬರೆದುದೂ ದಿವಾಳಿಯ ಆಸುಪಾಸಿನ ವರ್ಷಗಳಲ್ಲೇ. ಆತನ ಸಂಗ್ರಹವು ಬರಿಯ ಭೋಗವಲ್ಲ, ಅಧ್ಯಯನವೂ ಆಗಿತ್ತು.

ಆದರೂ ಒಂದು ಶಂಕೆ ಉಳಿಯುತ್ತದೆ. ಪಟ್ಟಿಯು ವಸ್ತುವಿನ ಹೆಸರನ್ನು ಕೊಡಬಲ್ಲದು, ವಸ್ತುವನ್ನು ಕೊಡಲಾರದು. ಅಲ್ಲಿರುವ ಮಂಚ, ಕುರ್ಚಿಗಳು ಆ ಕಾಲದವು ಇಲ್ಲವೆ ಆ ಮಾದರಿಯವು, ಆತನವಲ್ಲ. ಭಾವುಕನಾದ ಪ್ರೇಕ್ಷಕನು ಅವುಗಳ ಮುಂದೆ ಕೈಮುಗಿದರೆ ಅದು ಯಾರಿಗೆ ಸಲ್ಲುತ್ತದೆ? ಓರಣವಾಗಿ ಅಲಂಕೃತವಾದ ಕೋಣೆಯು, ಆ ಪಟ್ಟಿ ಹುಟ್ಟಿದ್ದೇ ಮನೆ ಬರಿದಾಗುವುದಕ್ಕಾಗಿ ಎಂಬ ಸತ್ಯವನ್ನು ಮರೆಸಬಾರದು. ಪುನಾರಚನೆ ಬೇಕು, ಆದರೆ ನಿಜವಾದುದು ಯಾವುದು, ಬದಲಿಗೆ ತಂದುದು ಯಾವುದು ಎಂದು ಪ್ರತಿ ಕೋಣೆಯೂ ನುಡಿಯಬೇಕು. ಡಿ ಬಾಜೆಲ್‌ನ ವಿನಯವನ್ನು ಇಂದಿನವರು ಕೈಬಿಡಲಾಗದು.

ಮನೆ ಕಳೆದುಕೊಂಡ ಮೇಲೆ ರೆಂಬ್ರಾಂಟನು ರೋಜೆನ್‌ಗ್ರಾಖ್ಟ್ ಬೀದಿಯ ಬಾಡಿಗೆ ಮನೆಗೆ ಹೋದನು. 1662ರ ಬಟ್ಟೆ ಪರೀಕ್ಷಕರ ಸಮೂಹಚಿತ್ರ, ಕೊನೆಗಾಲದ ಸ್ವಭಾವಚಿತ್ರಗಳು ಮೂಡಿದ್ದು ಆ ದಿನಗಳಲ್ಲಿ. ಆತ 1669ರಲ್ಲಿ ತೀರಿಕೊಂಡನು. ಆ ಬಾಡಿಗೆ ಮನೆ ಇಂದು ಉಳಿದಿಲ್ಲ, ಚಿತ್ರಗಳು ಉಳಿದಿವೆ. ಹರಾಜಿನವರು 363 ನಮೂದುಗಳನ್ನು ಬರೆದರೂ ಆತನ ಕಣ್ಣನ್ನು ಬರೆದುಕೊಳ್ಳಲಾಗಲಿಲ್ಲ. ಸ್ಮಾರಕಗಳನ್ನು ಕಟ್ಟುವವರು ನೆನೆಯಬೇಕಾದುದು ಇದನ್ನೇ.