‘ದಿ ಕ್ರೂಯೆಲ್ ಸೀ’ ಕಥೆಯಲ್ಲಿ ಎರಡನೆಯ ನೌಕೆಯ ಸ್ಥಾನ

ನಿಕೊಲಸ್ ಮಾನ್ಸರಾಟನು ೧೯೫೧ರಲ್ಲಿ ಪ್ರಕಟಿಸಿದ ‘ದಿ ಕ್ರೂಯೆಲ್ ಸೀ’ ಎಂಬ ಆಂಗ್ಲ ಕಾದಂಬರಿಯು, ಎರಡನೆಯ ಮಹಾಯುದ್ಧದಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ವಣಿಗ್ನೌಕೆಗಳನ್ನು ಕಾಯುತ್ತಿದ್ದ ಎರಡು ಯುದ್ಧನೌಕೆಗಳ ವೃತ್ತಾಂತವಾಗಿದೆ. ಮೊದಲನೆಯದು ‘ಕಾಂಪಸ್ ರೋಸ್’ ಎಂಬ ಕಾರ್ವೆಟ್ಟು. ಎರಡನೆಯದು ‘ಸಾಲ್ಟಾಷ್’ ಎಂಬ ಫ್ರಿಗೇಟು. ಎರಡಕ್ಕೂ ಎರಿಕ್ಸನ್ ಎಂಬವನೇ ನಾಯಕನು. ೧೯೩೯ರಿಂದ ೧೯೪೫ರವರೆಗೆ ವರ್ಷಕ್ಕೊಂದರಂತೆ ಏಳು ಪರಿಚ್ಛೇದಗಳಿರುವ ಈ ಗ್ರಂಥದಲ್ಲಿ, ನಾಲ್ಕನೆಯದು ಮುಗಿಯುವುದರೊಳಗೆ ಕಾಂಪಸ್ ರೋಸ್ ಜಲಸಮಾಧಿಯನ್ನು ಹೊಂದುವುದು. ರಸವು ಅಲ್ಲಿಯೇ ತೀರಿತು, ಫ್ರಿಗೇಟಿನ ಕಥೆಯು ಕೇವಲ ಶೇಷಪೂರಣವು ಎಂಬ ಆಕ್ಷೇಪವುಂಟು. ಈ ಆಕ್ಷೇಪವು ಪರೀಕ್ಷಾರ್ಹವಾದುದು.

ಗ್ರಂಥಕರ್ತನು ಆರಂಭದಲ್ಲಿಯೇ ಪಾತ್ರವಿಭಾಗವನ್ನು ತಾನೇ ಮಾಡಿಕೊಟ್ಟಿರುವನು: ಮನುಷ್ಯರು ನಾಯಕರು, ನೌಕೆಗಳು ನಾಯಿಕೆಯರು, ಕ್ರೂರವಾದ ಕಡಲೊಂದೇ ಖಳನು. ಮಾತು ಸೊಗಸಾಗಿದೆಯೇ ಹೊರತು ಲಕ್ಷಣಕ್ಕೆ ನಿಲ್ಲುವುದಿಲ್ಲ. ದಶರೂಪಕಕಾರನು ಪ್ರತಿನಾಯಕನಿಗೆ ಲೋಭ, ಔದ್ಧತ್ಯ, ಪಾಪಕಾರಿತ್ವಗಳನ್ನು ಹೇಳಿರುವನು; ಇವೆಲ್ಲವೂ ಇಚ್ಛೆಯುಳ್ಳವನ ಧರ್ಮಗಳು. ಇಚ್ಛೆಯೇ ಇಲ್ಲದ ಕಡಲು ಉದ್ದೀಪನವಿಭಾವವಾದೀತು, ಪ್ರತಿನಾಯಕನಾಗಲಾರದು. ಶತ್ರುವಾದ ಜಲಾಂತರ್ಗಾಮಿಯೋ ಬಹುಮಟ್ಟಿಗೆ ಕಣ್ಣಿಗೆ ಕಾಣುವುದೇ ಇಲ್ಲ. ಹೀಗೆ ಆಲಂಬನವು ಮರೆಯಾಗಿರುವುದರಿಂದ ಉತ್ಸಾಹವು ಸ್ಥಾಯಿಯಾಗಿ ನೆಲೆಗೊಳ್ಳದು. ಯುದ್ಧದ ಕಥೆಯಾಗಿದ್ದರೂ ಇಲ್ಲಿ ವೀರವು ಅಂಗಿಯಲ್ಲ.

ಹಾಗಾದರೆ ಅಂಗಿಯಾವುದು? ಇದಕ್ಕೆ ೧೯೪೧ರ ಪರಿಚ್ಛೇದದ ಒಂದು ಸನ್ನಿವೇಶವೇ ಕೀಲು. ಒಡೆದ ಹಡಗಿನಿಂದ ನೀರಿಗೆ ಬಿದ್ದ ನಾವಿಕರು ರಕ್ಷಕನೌಕೆಯು ಬಂದಿತೆಂದು ಹರ್ಷದಿಂದ ಈಜುತ್ತಿರುವರು. ನೀರಿನಲ್ಲಿ ನಾದವನ್ನು ಕಳುಹಿಸಿ ಅದರ ಪ್ರತಿಧ್ವನಿಯಿಂದ ಶತ್ರುವಿನ ನೆಲೆಯನ್ನು ತಿಳಿಯುವ ಆಸ್ಡಿಕ್ ಯಂತ್ರವು, ಅವರ ಕೆಳಗೇ ಜಲಾಂತರ್ಗಾಮಿಯಿದೆಯೆಂದು ಸೂಚಿಸುವುದು. ಎರಿಕ್ಸನನು ಆ ಜನರ ನಡುವೆಯೇ ನೌಕೆಯನ್ನು ಹಾಯಿಸಿ ಸ್ಫೋಟಕಗಳನ್ನು ಬಿಡಿಸುವನು. ಜನರು ಸಾಯುವರು, ಶತ್ರುವು ಅಲ್ಲಿದ್ದುದಕ್ಕೆ ಕುರುಹು ಮಾತ್ರ ದೊರೆಯುವುದಿಲ್ಲ.

ಇದನ್ನೋದುವ ಸಂಸ್ಕೃತಜ್ಞನಿಗೆ ಅಯೋಧ್ಯಾಕಾಂಡದ ದಶರಥನು ನೆನಪಾಗದೆ ಇರನು. ಅವನದೂ ಶಬ್ದವೇಧವೇ, ಕತ್ತಲೆಯಲ್ಲಿ ಕೊಡ ತುಂಬುವ ಸದ್ದನ್ನು ಆನೆಯದೆಂದು ಬಗೆದು ಬಾಣವನ್ನೆಸೆದು ಮುನಿಕುಮಾರನನ್ನು ಕೊಂದನು. ಭೇದವೂ ಉಂಟು, ಅದು ಅಲ್ಪವಾದುದಲ್ಲ. ದಶರಥನು ಅರಿಯದೆ ಕೊಂದನು. ಎರಿಕ್ಸನನು ಈಜುತ್ತಿದ್ದವರನ್ನು ಕಣ್ಣಾರೆ ಕಂಡು, ಕರ್ತವ್ಯವೆಂದು ನಿಶ್ಚಯಿಸಿ ಕೊಂದನು. ಮೊದಲನೆಯದಕ್ಕೆ ಮುನಿಯ ಶಾಪವಾದರೂ ಇದ್ದಿತು. ಎರಡನೆಯದಕ್ಕೆ ಶಪಿಸುವವರಿಲ್ಲ, ದಂಡಿಸುವವರಿಲ್ಲ, ಕ್ಷಮಿಸುವವರೂ ಇಲ್ಲ. ಇಂತಹ ಕರ್ಮವು ಎಲ್ಲಿ ಪಕ್ವವಾಗಬೇಕು?

ವಾಲ್ಮೀಕಿಯು ಆ ಕಥೆಯನ್ನು ನಡೆದ ಕಾಲದಲ್ಲಿ ಹೇಳದೆ, ಬಹುವರ್ಷಗಳ ಬಳಿಕ ರಾಮನು ವನಕ್ಕೆ ಹೋದಮೇಲೆ, ಮುದುಕನ ಬಾಯಿಂದ ಕೌಸಲ್ಯೆಗೆ ಹೇಳಿಸಿರುವನು. ಕರ್ಮಕ್ಕೂ ಫಲಕ್ಕೂ ನಡುವೆ ಕಾಲವು ಬೇಕು. ಈ ಕಾದಂಬರಿಯಲ್ಲಿ ಆ ಕಾಲವನ್ನು ಒದಗಿಸಿರುವುದು ಸಾಲ್ಟಾಷ್ ನೌಕೆಯೇ. ಅದನ್ನು ತೆಗೆದುಹಾಕಿದರೆ ಎರಿಕ್ಸನನ ಕೃತ್ಯವು ಒಂದು ಘೋರಘಟನೆಯಾಗಿ ಉಳಿಯುವುದಲ್ಲದೆ ಚರಿತ್ರವಾಗದು.

ಗ್ರಂಥಕರ್ತನಿಗೆ ಇದು ಕೇಳಿದ ಕಥೆಯಲ್ಲ. ಅವನು ಕಾರ್ವೆಟ್ಟುಗಳಲ್ಲಿ ದುಡಿದು, ಬಳಿಕ ಫ್ರಿಗೇಟುಗಳ ಆಧಿಪತ್ಯವನ್ನು ವಹಿಸಿದವನು. ಕಾರ್ವೆಟ್ಟು ಸುಮಾರು ೨೦೫ ಅಡಿ ಉದ್ದದ, ೧೬ ನಾಟ್ ವೇಗದ ಸಣ್ಣ ನೌಕೆ. ರಿವರ್ ವರ್ಗದ ಫ್ರಿಗೇಟು ಸುಮಾರು ೩೦೦ ಅಡಿ, ೨೦ ನಾಟ್. (ಆ ವರ್ಗದ ‘ಬಾನ್’ ಎಂಬುದು ೧೯೪೫ರಲ್ಲಿ ಭಾರತದ ನೌಕಾಬಲಕ್ಕೆ ಸೇರಿ ‘ತೀರ್’ ಎಂಬ ಹೆಸರನ್ನು ಪಡೆಯಿತು. ಇದು ಪಾರಸಿಯ ಬಾಣವೇ ಹೊರತು ಸಂಸ್ಕೃತದ ದಡವಲ್ಲ.) ನೌಕೆಯು ದೊಡ್ಡದಾದಂತೆ ಅದರ ಅಧಿಪತಿಯು ಒಳಗೆ ಕಿರಿದಾಗುತ್ತ ಹೋಗುವುದನ್ನು ಮಾನ್ಸರಾಟನು ಹೆಚ್ಚು ಮಾತಿಲ್ಲದೆ ತೋರಿಸಿರುವನು. ಸ್ನೇಹ, ಮೃದುತ್ವ, ಸಂದೇಹಗಳು ಉದುರಿ ಬೇಟೆಯೊಂದೇ ಉಳಿಯುವುದು. ೧೯೪೫ರಲ್ಲಿ ಶತ್ರುಗಳು ನೀರಿನಿಂದ ಮೇಲೆದ್ದು ಶರಣಾದಾಗಲೂ ಜಯಘೋಷವಿಲ್ಲ. ಇಷ್ಟು ವರ್ಷಗಳಲ್ಲಿ ಕೆಡಹಿದ ಜಲಾಂತರ್ಗಾಮಿಗಳು ಎರಡೇ ಎಂಬ ಲೆಕ್ಕವೂ ದಣಿವೂ ಮಾತ್ರ ಉಳಿದಿವೆ.

ಈ ನಿರ್ವೇದವನ್ನು ಕಂಡು, ಆನಂದವರ್ಧನನು ಮಹಾಭಾರತಕ್ಕೆ ಹೇಳಿದಂತೆ ಇದಕ್ಕೂ ಶಾಂತವೇ ಅಂಗಿಯೆಂದು ಸಾಧಿಸಹೊರಡುವುದು ಸುಲಭ; ಆದರೆ ಅದು ಯುಕ್ತವಲ್ಲ. ಶಾಂತಕ್ಕೆ ಮೂಲವಾಗುವ ನಿರ್ವೇದವು ತತ್ತ್ವಜ್ಞಾನದಿಂದ ಹುಟ್ಟಬೇಕು. ಎರಿಕ್ಸನನದು ಶ್ರಮದಿಂದ ಹುಟ್ಟಿದುದು. ಭರತನು ವ್ಯಭಿಚಾರಿಗಳ ಮೊದಲಲ್ಲಿ ಎಣಿಸಿದ ನಿರ್ವೇದವೇ ಹೊರತು ಬೇರೆಯಲ್ಲ. ಅದು ೧೯೪೧ರ ಶೋಕವನ್ನೇ ಪೋಷಿಸುತ್ತಿರುವುದು. ಆದುದರಿಂದ ಆದ್ಯಂತವೂ ಕರುಣವೇ ಅಂಗಿಯು. ರಸವಿಚ್ಛೇದವೆಂಬ ಆಕ್ಷೇಪವು ನಿಲ್ಲದು.

ಉತ್ತರಭಾಗವು ನಿರ್ದುಷ್ಟವೆಂದು ಇದರಿಂದ ಅರ್ಥವಾಗದು. ಉಪನಾಯಕನಾದ ಲಾಕ್‌ಹಾರ್ಟನು ಒಲಿದ ಜೂಲಿ ಹ್ಯಾಲಮಳನ್ನು ಗ್ರಂಥಕರ್ತನು ದೋಣಿಯ ಅಪಘಾತವೊಂದರಲ್ಲಿ ಕೊಲ್ಲಿಸಿರುವನು. ಬೀಜವೂ ಇಲ್ಲದೆ ಫಲವೂ ಇಲ್ಲದೆ ಬಂದ ಈ ಮರಣವು, ಕರುಣವಿರುವೆಡೆಯಲ್ಲಿ ಇನ್ನಷ್ಟು ಕರುಣವನ್ನು ಸುರಿಯಬೇಕೆಂಬ ಆಸೆಯಿಂದ ಬಂದುದಾಗಿ ತೋರುವುದು. ಕ್ಷೇಮೇಂದ್ರನು ಇದನ್ನು ಔಚಿತ್ಯವೆಂದು ಒಪ್ಪುತ್ತಿರಲಿಲ್ಲ. ೧೯೫೩ರ ಚಲಚ್ಚಿತ್ರದಲ್ಲಿ ಅವಳನ್ನು ಬದುಕಿಸಿರುವುದು ಮೂಲಕ್ಕಿಂತ ಮೇಲಾಗಿದೆ.