ಟಿಸಿ ಕಂಬದ ಕೆಳಗಿನ ಗಣಿತ

ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿಗೆ ಸೇರಿದ ಹುಡುಗರು ‘ವರ್ಕ್‌ಶಾಪ್ ಕ್ಯಾಲ್ಕುಲೇಷನ್ ಅಂಡ್ ಸೈನ್ಸ್’ ಎಂಬ ವಿಷಯವೊಂದನ್ನು ಓದಬೇಕು. ದೇಶಕ್ಕೆಲ್ಲ ಒಂದೇ ಪಠ್ಯಕ್ರಮ. ಪುಸ್ತಕ ಸಿದ್ಧವಾಗುವುದು 1986ರಲ್ಲಿ ಚೆನ್ನೈನಲ್ಲಿ ಶುರುವಾದ ನಿಮಿ ಸಂಸ್ಥೆಯಲ್ಲಿ. ಟ್ರೇಡ್ ಥಿಯರಿಗೂ ಪ್ರಾಕ್ಟಿಕಲ್ಲಿಗೂ ಸಿಗುವ ಮರ್ಯಾದೆ ಇದಕ್ಕೆ ಸಿಕ್ಕಿಲ್ಲ. ಪಾಸಾದರೆ ಸಾಕು ಎಂದು ಹುಡುಗರು ಇದನ್ನು ದಾಟಿಕೊಂಡು ಹೋಗುತ್ತಾರೆ. ಆದರೆ ತಂತಿ ಎಳೆಯುವವನಿಗೂ ಎಲೆಕ್ಟ್ರಿಷಿಯನ್ನನಿಗೂ ಇರುವ ವ್ಯತ್ಯಾಸ ಈ ಪಾಠದಲ್ಲೇ ಇದೆ ಎಂಬುದು ನನ್ನ ನಂಬಿಕೆ. ಅದಕ್ಕೇ ಇದನ್ನು ಹೇಮಾವತಿ ಸುತ್ತಲಿನ ತೋಟಗಳಲ್ಲಿ ನಿಲ್ಲಿಸಿ ನೋಡಬೇಕು.

ಹೇಮಾವತಿ ಎಂದೊಡನೆ ಓದಿದವರಿಗೆ ನೊಳಂಬ ಅರಸರ ಕಾಲದ ಹೆಂಜೇರು ಎಂಬ ಹಳೆಯ ಹೆಸರು, ಸಿದ್ಧೇಶ್ವರ ಗುಡಿ, ನುಣುಪಾದ ಕರಿಕಲ್ಲಿನ ಕಂಬಗಳು ನೆನಪಾಗುತ್ತವೆ. ಮಡಕಶಿರಾ ಕಡೆಯ ಈ ಊರು ಅನಂತಪುರ ಜಿಲ್ಲೆಯಲ್ಲಿತ್ತು. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಮನೆಯ ಮಾತು ಕನ್ನಡ, ಕಚೇರಿಯ ಮಾತು ತೆಲುಗು. ಮಳೆಯನ್ನು ನಂಬಿ ಕೂರುವಂತಿಲ್ಲದ ಸೀಮೆ. ಅಡಿಕೆ, ತೆಂಗು, ಹಿಪ್ಪುನೇರಳೆ ಉಳಿದಿದ್ದರೆ ಬೋರಿನ ನೀರಿನಿಂದ. ಬೋರು ನಡೆಯಬೇಕಾದರೆ ತ್ರೀಫೇಸ್ ಬರಬೇಕು. ರೈತನ ಪಂಪಿಗೆ ಆಂಧ್ರದಲ್ಲೂ ಕರೆಂಟು ಪುಕ್ಕಟೆ, ಗಡಿಯಾಚೆ ಕರ್ನಾಟಕದಲ್ಲೂ 10 ಎಚ್‌ಪಿವರೆಗೆ ಪುಕ್ಕಟೆ. ಬಿಲ್ಲಿನ ಲೆಕ್ಕ ಹೋಯಿತು, ಸರಿ. ಮೋಟಾರು ಸುಡುವ ಲೆಕ್ಕ ಮಾತ್ರ ಹಾಗೇ ಉಳಿಯಿತು.

25 ಕೆವಿಎ ಟಿಸಿಯೊಂದನ್ನು, ಅಂದರೆ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರನ್ನು, ತೆಗೆದುಕೊಳ್ಳಿ. 433 ವೋಲ್ಟಿನಲ್ಲಿ ಅದು ಒಂದೊಂದು ಫೇಸಿಗೆ ಕೊಡಬಲ್ಲದ್ದು ಸುಮಾರು 33 ಆಂಪಿಯರ್. 5 ಎಚ್‌ಪಿ ಎಂದರೆ 3,730 ವ್ಯಾಟ್. ಪವರ್ ಫ್ಯಾಕ್ಟರ್ 0.8, ಮೋಟಾರಿನ ದಕ್ಷತೆಯೂ 0.8 ಎಂದು ಹಿಡಿದರೆ ಒಂದು ಮೋಟಾರು 8 ಆಂಪಿಯರ್ ಎಳೆಯುತ್ತದೆ. ನಾಲ್ಕು ಮೋಟಾರಿಗೆ ಟಿಸಿ ತುಂಬಿತು. ಐದನೆಯವನೂ ಆರನೆಯವನೂ ಕನೆಕ್ಷನ್ ಕೊಟ್ಟುಕೊಂಡರೆ ಏನಾಗುತ್ತದೆ ಎಂದು ಹೇಳಲು ಗುಣಾಕಾರ, ಭಾಗಾಕಾರ ಬಂದರೆ ಸಾಕು. ಇನ್ನು ಎಲ್ಲರ ಪ್ಯಾನಲ್ ಬೋರ್ಡಿನಲ್ಲೂ ಆಟೋ ಸ್ಟಾರ್ಟರ್. ಕರೆಂಟು ಬಂದ ಗಳಿಗೆಯಲ್ಲಿ ಎಲ್ಲ ಮೋಟಾರುಗಳೂ ಒಟ್ಟಿಗೆ ಏಳುತ್ತವೆ, ನೇರವಾಗಿ ಸ್ಟಾರ್ಟ್ ಆಗುವ ಮೋಟಾರು ಏಳುವಾಗ ಐದಾರು ಪಟ್ಟು ಕರೆಂಟು ಕೇಳುತ್ತದೆ. ಹಾಗಾಗಿ 33 ಆಂಪಿಯರಿನ ಟಿಸಿಯ ಮೇಲೆ ನಾಲ್ಕೇ ಮೋಟಾರು ಸೇರಿ ಒಂದು ಕ್ಷಣ 160ರಿಂದ 190 ಆಂಪಿಯರ್ ಹೇರುತ್ತವೆ. ಫ್ಯೂಸು ಹೋಯಿತೆಂದು ಬೈದು ದಪ್ಪ ತಂತಿ ಸುತ್ತುವವನಿಗೆ ಈ ಗುಣಾಕಾರವನ್ನು ಯಾರಾದರೂ ಮಾಡಿ ತೋರಿಸಬೇಕಿತ್ತು.

ಪಠ್ಯಕ್ರಮದ ಮೇಲೆ ನನ್ನ ದೊಡ್ಡ ತಕರಾರು ಓಮನ ನಿಯಮದ ಬಗ್ಗೆ. ‘ಬೇಸಿಕ್ ಎಲೆಕ್ಟ್ರಿಸಿಟಿ’ ಎಂಬ ಭಾಗದಲ್ಲಿ ವೋಲ್ಟೇಜು, ಕರೆಂಟು, ರೆಸಿಸ್ಟೆನ್ಸುಗಳ ಸಂಬಂಧ ಬರುತ್ತದೆ. ಮೂರರಲ್ಲಿ ಎರಡು ಕೊಟ್ಟು ಮೂರನೆಯದನ್ನು ಕೇಳುವ ಲೆಕ್ಕಗಳನ್ನು ಹುಡುಗರು ನೀರು ಕುಡಿದಂತೆ ಮಾಡುತ್ತಾರೆ. ಅಲ್ಲಿ ಕಲಿತದ್ದು, ವೋಲ್ಟೇಜು ಇಳಿದರೆ ಕರೆಂಟೂ ಇಳಿಯುತ್ತದೆ. ಹೀಟರಿಗೆ ಅದು ನಿಜ. ಅದೇ ಹುಡುಗ ಬೋರಿನ ಹತ್ತಿರ ಹೋಗಿ ನೋಡಿದರೆ ವೋಲ್ಟ್ ಮೀಟರು 350ಕ್ಕೆ ಇಳಿದಿದೆ, ಆಂಪಿಯರ್ ಮೀಟರು ಮೇಲಕ್ಕೆ ಹೋಗಿದೆ. ಪುಸ್ತಕ ಸುಳ್ಳೋ ಮೀಟರು ಸುಳ್ಳೋ? ಎರಡೂ ಅಲ್ಲ. ಮೋಟಾರು ಅಷ್ಟೇ ನೀರನ್ನು ಅಷ್ಟೇ ಆಳದಿಂದ ಎತ್ತಬೇಕು. ವೋಲ್ಟೇಜು ಕಡಿಮೆಯಾದಾಗ ಕರೆಂಟನ್ನು ಹೆಚ್ಚಿಗೆ ಎಳೆದು ಆ ಕೆಲಸವನ್ನು ಪೂರೈಸುತ್ತದೆ. 415ರಲ್ಲಿ 8 ಆಂಪಿಯರ್ ಇದ್ದದ್ದು 350ರಲ್ಲಿ ಒಂಬತ್ತೂವರೆಯ ಹತ್ತಿರ ಹೋಗುತ್ತದೆ. ಶೇಕಡಾ 18ರಷ್ಟು ಹೆಚ್ಚು, ಅಷ್ಟೇ ತಾನೆ ಅನ್ನಿಸಬಹುದು. ಆದರೆ ವೈಂಡಿಂಗಿನ ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ: 1.18ನ್ನು 1.18ರಿಂದ ಗುಣಿಸಿದರೆ ಸುಮಾರು 1.4. ಶೇಕಡಾ 40ರಷ್ಟು ಹೆಚ್ಚು ಬಿಸಿ, ಅದೂ ನೆಲದಡಿಯಲ್ಲಿ, ಕೈಯಿಟ್ಟು ನೋಡಲಾಗದ ಜಾಗದಲ್ಲಿ. ನಮ್ಮ ಸೀಮೆಯ ಮೋಟಾರುಗಳು ಯಾಕೆ ಸುಡುತ್ತವೆ ಎಂಬ ಪ್ರಶ್ನೆಗೆ ದೊಡ್ಡ ಉತ್ತರ ಈ ಎರಡು ಸಾಲಿನ ಲೆಕ್ಕದಲ್ಲಿದೆ. ಒಂದು ಸೂತ್ರ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂದು ಹೇಳಿಕೊಡದೆ ಬರೀ ಸೂತ್ರ ಕೊಟ್ಟರೆ, ಕಲಿತ ಹುಡುಗ ಕಲಿಯದವನಿಗಿಂತ ಹೆಚ್ಚು ಧೈರ್ಯದಿಂದ ತಪ್ಪು ಮಾಡುತ್ತಾನೆ.

ತ್ರಿಕೋನಮಿತಿಗೂ ಹೀಗೇ ಅನ್ಯಾಯವಾಗಿದೆ. ಸೈನ್, ಕಾಸ್ ಎಂದರೆ ಲಂಬಕೋನದ ತ್ರಿಭುಜ, ಬಾಹುಗಳ ಅನುಪಾತ. ಪವರ್ ಫ್ಯಾಕ್ಟರ್ ಎಂಬ ಹೆಸರಿನಲ್ಲಿ ಅದೇ ಕಾಸ್ ಟ್ರೇಡ್ ಥಿಯರಿಯಲ್ಲಿ ಮತ್ತೆ ಬರುತ್ತದೆ. ಎರಡೂ ಒಂದೇ ಎಂದು ಹೊಳೆಯುವಂತೆ ಯಾರೂ ಕೂಡಿಸಿ ತೋರಿಸುವುದಿಲ್ಲ. ಕೂಡಿಸಿದರೆ ಎಷ್ಟು ಚೆಂದ ನೋಡಿ. ನಮ್ಮ 5 ಎಚ್‌ಪಿ ಮೋಟಾರು ಲೈನಿನಿಂದ ಎಳೆಯುವುದು 4.66 ಕಿಲೋವ್ಯಾಟ್. ಕಾಸ್ 0.8 ಇರುವ ಕೋನದ ಟ್ಯಾನ್ 0.75, 0.95 ಇರುವ ಕೋನದ್ದು 0.33. ವ್ಯತ್ಯಾಸ 0.42. ಗುಣಿಸಿದರೆ ಸುಮಾರು 2. ಅಂಗಡಿಯಲ್ಲಿ 5 ಎಚ್‌ಪಿಗೆ ಕೇಳಿದರೆ ಕೊಡುವ 2 ಕೆವಿಎಆರ್ ಕೆಪ್ಯಾಸಿಟರು ಬಂದದ್ದು ಇಲ್ಲಿಂದ. ಅದನ್ನು ಹಾಕಿದರೆ ಲೈನಿನ ಕರೆಂಟು 8ರಿಂದ 7ಕ್ಕೂ ಕೆಳಗಿಳಿಯುತ್ತದೆ, ನಾಲ್ಕಕ್ಕೆ ತುಂಬಿದ್ದ ಟಿಸಿ ಐದರ ಹತ್ತಿರ ತಡೆಯುತ್ತದೆ. 1.732 ಎಂಬ ಅಂಕಿಯದೂ ಅದೇ ಕತೆ. 240 ವೋಲ್ಟಿನ ಎರಡು ಬಾಹುಗಳನ್ನು 120 ಡಿಗ್ರಿ ಅಂತರದಲ್ಲಿ ಸ್ಕೇಲು ಹಿಡಿದು ಬರೆದು, ತುದಿಗಳ ನಡುವಿನ ದೂರ ಅಳೆದರೆ 415 ಬರುತ್ತದೆ. ಹುಡುಗ ತನ್ನ ಕೈಯಿಂದಲೇ ಅಳೆದು ನೋಡಬಹುದಾದದ್ದನ್ನು ಉರು ಹೊಡೆಯಲು ಬಿಡುವುದು ನನಗೆ ನೋವಿನ ಸಂಗತಿ.

ಕೇಬಲ್ಲಿನ ವಿಚಾರ ಬೇಗ ಹೇಳಿ ಮುಗಿಸಬಹುದು. ಸಾವಿರ ಅಡಿ ಬೋರಿಗೆ 300 ಮೀಟರ್ ಕೇಬಲ್ಲು, 7.5 ಎಚ್‌ಪಿ ಮೋಟಾರು, 12 ಆಂಪಿಯರ್. ತಾಮ್ರದ 2.5 ಸ್ಕ್ವೇರ್ ಎಂಎಂ ಹಾಕಿದರೆ ದಾರಿಯಲ್ಲೇ ಸುಮಾರು 35 ವೋಲ್ಟು ಹೋಗುತ್ತದೆ; 4 ಹಾಕಿದರೆ ಸುಮಾರು 22. ಲೈನಿನಲ್ಲೇ 360 ಇರುವ ದಿನ ಈ 13 ವೋಲ್ಟಿನ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಪಠ್ಯಕ್ರಮ ಕಲಿಸದ್ದನ್ನು ಕಲಿಸುವ ಜಾಗ ಪೇಟೆಯಲ್ಲಿದೆ: ಮೋಟಾರ್ ವೈಂಡಿಂಗ್ ಅಂಗಡಿ. 1 ಮಿಲಿಮೀಟರಿನ ತಂತಿ ಸಿಗದಿದ್ದಾಗ ತೆಳು ತಂತಿ ಎರಡು ಕೂಡಿಸಿ ಸುತ್ತಬೇಕು. ಎಷ್ಟು ತೆಳು? ಹೊಸಬ 0.5 ಎನ್ನುತ್ತಾನೆ. ಅನುಭವಸ್ಥ 0.7 ಎನ್ನುತ್ತಾನೆ. ಅವನೇ ಸರಿ. ವಿಸ್ತೀರ್ಣ ವ್ಯಾಸದ ವರ್ಗದಂತೆ ನಡೆಯುವುದರಿಂದ 0.5ರ ಎರಡು ತಂತಿ ಸೇರಿದರೂ ತಾಮ್ರ ಅರ್ಧವೇ ಆಗುತ್ತದೆ. ಅವನು ವರ್ಗಮೂಲ ತೆಗೆದವನಲ್ಲ, ಸುಟ್ಟ ಮೋಟಾರುಗಳನ್ನು ಬಿಚ್ಚಿ ಬಿಚ್ಚಿ ಆ ಅಂಕಿಗೆ ಬಂದವನು. ಆ ಅರಿವಿನ ಮೇಲೆ ನನಗೆ ಗೌರವವಿದೆ. ಆದರೆ ಅದು ಪರರ ಮೋಟಾರು ಸುಟ್ಟು ಕಲಿತದ್ದು. ಗೇಜು ಬದಲಾದರೆ, ತಂತಿ ಮೂರಾದರೆ ಅವನು ಮತ್ತೆ ಅಂದಾಜಿಗೆ ಇಳಿಯಬೇಕು. ವರ್ಗಮೂಲದ ಅಧ್ಯಾಯ ಪುಸ್ತಕದ ಆರಂಭದಲ್ಲೇ ಇದೆಯಲ್ಲ, ಅದು ಇಂಥ ಅಂಗಡಿಯ ಮೆಟ್ಟಿಲು ಹತ್ತಿದ್ದರೆ!

ಪುಸ್ತಕದಲ್ಲಿ ಒಳ್ಳೆಯದಿಲ್ಲವೆಂದಲ್ಲ. ಅದು ಅಳತೆಯ ಏಕಮಾನಗಳಿಂದ ಶುರುವಾಗುತ್ತದೆ. ಭಿನ್ನರಾಶಿ, ಅನುಪಾತ, ಶೇಕಡಾವಾರುಗಳನ್ನು ಮತ್ತೊಮ್ಮೆ ಕಲಿಸಲು ಹಿಂಜರಿಯುವುದಿಲ್ಲ. ಹತ್ತನೆಯ ತರಗತಿಯನ್ನು ಹೇಗೋ ದಾಟಿ ಬಂದ ಹಳ್ಳಿಯ ಹುಡುಗನಿಗೆ ಇದು ಎರಡನೆಯ ಅವಕಾಶ, ದೊಡ್ಡದು. ಆದರೆ ಕಬ್ಬಿಣದ ಗುಣಗಳು, ಲಿವರು, ಘರ್ಷಣೆ ಎಂದು ಎಲ್ಲ ಟ್ರೇಡಿಗೂ ಒಂದೇ ಅಡುಗೆ ಬಡಿಸಿದ್ದರಿಂದ, ಎಲೆಕ್ಟ್ರಿಷಿಯನ್ನನಿಗೆ ಬೇಕಾದ ಮೂರು ಫೇಸಿನ ಲೆಕ್ಕಕ್ಕೆ ಜಾಗ ಸಾಲದಾಗಿದೆ.

ಮುಖ್ಯವಾಗಿ ಬದಲಾಗಬೇಕಾದದ್ದು ಪರೀಕ್ಷೆ. ಈಗ ಕಂಪ್ಯೂಟರ್ ಮುಂದೆ ಕೂತು ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತುವ ಪದ್ಧತಿ. ಅಲ್ಲಿ ಉತ್ತರ ಮೊದಲೇ ಕಣ್ಣೆದುರು ಇರುತ್ತದೆ. ತೋಟದಲ್ಲಿ ಹಾಗಿರುವುದಿಲ್ಲ; ಅಲ್ಲಿ ಲೆಕ್ಕವನ್ನು ಮಾಡಿ, ಜನರ ಮಾತಿನಲ್ಲಿ ಬಿಡಿಸಿ ಹೇಳಲೂ ಬೇಕು. ಇದೇನೂ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದ. ನಿತ್ಯದ ವ್ಯವಹಾರಕ್ಕೆ ಬೇಕಾದ ಲೆಕ್ಕವನ್ನು ಜನರ ನುಡಿಯಲ್ಲೇ ಹೇಳಬಹುದೆಂಬ ವಿಶ್ವಾಸ ಆಗಲೇ ಇತ್ತು. ಹೇಮಾವತಿಯ ಹುಡುಗ ಐಟಿಐಯಲ್ಲಿ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಕೇಳಿದ ಲೆಕ್ಕವನ್ನು ಅಪ್ಪನಿಗೆ ಕನ್ನಡದಲ್ಲಿ ಒಪ್ಪಿಸಬೇಕು, ಯಾಕೆಂದರೆ ಕೇಬಲ್ಲಿಗೆ ದುಡ್ಡು ಕೊಡುವವರು ಅಪ್ಪ. ಪರೀಕ್ಷೆಯೂ ಹಾಗೇ ಇರಲಿ. ಹುಡುಗನನ್ನು ಒಂದು ಟಿಸಿಯ ಹತ್ತಿರ ಕರೆದೊಯ್ಯಿರಿ. ಮೋಟಾರುಗಳ ನೇಮ್‌ಪ್ಲೇಟ್ ಓದಲಿ, ಕ್ಲಾಂಪ್ ಮೀಟರಿನಿಂದ ಕರೆಂಟು ನೋಡಲಿ, ಬೋರಿನ ಆಳ ಕೇಳಿಕೊಳ್ಳಲಿ. ಇನ್ನೊಂದು ಮೋಟಾರು ಸೇರಿಸಬಹುದೇ, ಬಾರದೇ? ಒಂದು ಹಾಳೆಯಲ್ಲಿ ಬರೆದು, ಅಲ್ಲಿನ ರೈತರಿಗೆ ಅವರ ಮಾತಿನಲ್ಲಿ ವಿವರಿಸಲಿ. ಹತ್ತು ಹುಡುಗರ ಅಂಕಿಗಳು ಹತ್ತು ಬಗೆಯಾಗಿ, ಸ್ವಲ್ಪ ಹೆಚ್ಚುಕಡಿಮೆ ಬರುತ್ತವೆ. ಮೇಷ್ಟ್ರು ಲೆಕ್ಕ ನಡೆದ ದಾರಿ ನೋಡಿ ಅಂಕ ಕೊಡಬೇಕಾಗುತ್ತದೆ.